ಮನೇಲಿ ದುಡ್ಡಿನ ಟೆನ್ಶನ್ ಇದ್ದಾಗ ಮಕ್ಕಳು ಕುಡಿತಕ್ಕೆ ಬೀಳದ ಹಾಗೆ ನೋಡ್ಕೊಳ್ಳೋದು ಹೇಗೆ

ಮನೇಲಿ ದುಡ್ಡಿಲ್ಲ ಅಂದ ಮಾತ್ರಕ್ಕೆ ಮಕ್ಕಳು ಕುಡಿಯೋಕೆ ಶುರು ಮಾಡಲ್ಲ. ದುಡ್ಡಿಲ್ಲದೆ ಅಪ್ಪ ಅಮ್ಮನ ನಿದ್ದೆ ಹೋಗಿ, ಮಾತು ಒರಟಾಗಿ, ಒಬ್ಬರ ಮೇಲೊಬ್ಬರು ಸಿಡುಕಿ ಸಿಡುಕಿ ಕೊನೆಗೆ ಆ ಸಿಟ್ಟೆಲ್ಲ ಮಕ್ಕಳ ಮೇಲೆ ತಿರುಗತ್ತಲ್ಲ, ಸಮಸ್ಯೆ ಒಳಗೆ ಬರೋದು ಆ ದಾರೀಲಿ. ಅಮೆರಿಕದ ಅಯೋವಾದಲ್ಲಿ 1980ರ ದಶಕದಲ್ಲಿ ರೈತರು ಸಾಲದಲ್ಲಿ ಮುಳುಗಿದಾಗ ರ್ಯಾಂಡ್ ಕಾಂಗರ್, ಗ್ಲೆನ್ ಎಲ್ಡರ್ ಅನ್ನೋ ಸಂಶೋಧಕರು 1989ರಿಂದ 451 ಕುಟುಂಬಗಳ ಬೆನ್ನು ಹತ್ತಿ ವರ್ಷಗಟ್ಟಲೆ ನೋಡಿದ್ರು, ಅವರಿಗೆ ಕಂಡಿದ್ದೂ ಇದೇ ದಾರಿ. ನನಗೆ ಇದ್ರಲ್ಲಿ ಧೈರ್ಯ ಕಾಣತ್ತೆ, ಯಾಕಂದ್ರೆ ಸಾಲ ಈ ವಾರ ತೀರಲ್ಲ ನಿಜ, ಮಾತಿನ ಒರಟುತನ ಈ ವಾರವೇ ಕಮ್ಮಿ ಮಾಡ್ಬಹುದು.

ಮೊದಲನೇ ಕೆಲಸ, ವಿಷಯ ಮುಚ್ಚಿಡಬೇಡಿ. ನಮ್ಮಪ್ಪ ಬ್ಯಾಂಕಿನ ಕವರ್ ಬಂದ್ರೆ ಬಿಚ್ಚದೆ ಫ್ರಿಜ್ ಮೇಲೆ ಇಡ್ತಿದ್ರು, ನಮಗೆ ಯಾರೂ ಏನೂ ಹೇಳ್ತಿರಲಿಲ್ಲ, ಆದ್ರೆ ಅಲ್ಲಿ ಎಷ್ಟು ಕವರ್ ಇದೆ ಅಂತ ನಾನೂ ಅಣ್ಣನೂ ದಿನಾ ಎಣಿಸ್ತಿದ್ವಿ. ಫೋನ್ ರಿಂಗ್ ಆದ್ರೆ ಸಾಕು ಅಣ್ಣ ಟೀವಿ ಸೌಂಡ್ ಜಾಸ್ತಿ ಮಾಡ್ತಿದ್ದ. ಮಕ್ಕಳಿಗೆ ಗೊತ್ತಾಗೇ ಆಗತ್ತೆ, ಅರ್ಧಂಬರ್ಧ ಗೊತ್ತಾದ್ರೆ ಇಲ್ಲದ್ದನ್ನೆಲ್ಲ ಸೇರಿಸ್ಕೊಂಡು ಇನ್ನೂ ಹೆದರ್ತಾರೆ. ಹಾಗಾಗಿ ಕೂರಿಸ್ಕೊಂಡು ಹೇಳಿ: "ಈ ವರ್ಷ ಕೈ ಬಿಗಿ ಇದೆ, ಇಂತಿಂಥ ಖರ್ಚು ನಿಲ್ಲಿಸ್ತೀವಿ, ನಿನ್ನ ಓದು ನಿಲ್ಲಲ್ಲ, ಇದ್ರಲ್ಲಿ ನಿನ್ನ ತಪ್ಪೇನಿಲ್ಲ." ಓದಿನ ಮಾತು ನಿಜವಾಗಿದ್ರೆ ಮಾತ್ರ ಹೇಳಿ. ಹಾಗಂತ ನಿಮ್ಮ ಅಳು ಪೂರ್ತಿ ಮಗುವಿನ ಹೆಗಲಿಗೆ ಹಾಕ್ಬೇಡಿ. ಸಾಲ ಕೊಟ್ಟವರ ಫೋನ್ ಬಂದಾಗ "ಅಪ್ಪ ಮನೇಲಿಲ್ಲ ಅಂತ ಹೇಳು" ಅಂತ ಮಗನ ಕೈಗೆ ಫೋನ್ ಕೊಡೋದಂತೂ ದಯವಿಟ್ಟು ಬೇಡ, ಅಣ್ಣನಿಗೆ ಅದನ್ನ ಮಾಡ್ಸಿದ್ರು, ಅವನು ಇವತ್ತಿಗೂ ಮರೆತಿಲ್ಲ.

ಗಂಡ ಹೆಂಡ್ತಿ ದುಡ್ಡಿನ ಲೆಕ್ಕ ಮಾತಾಡೋಕೆ ವಾರಕ್ಕೊಂದು ಟೈಮ್ ಇಟ್ಕೊಳ್ಳಿ, ಹಗಲು ಹೊತ್ತು, ಕಾಗದ ಪೆನ್ನು ಇಟ್ಕೊಂಡು. ರಾತ್ರಿ ಸುಸ್ತಾದ ಮೇಲೆ ಶುರು ಮಾಡಿದ್ರೆ ಅದು ಲೆಕ್ಕವಾಗಿ ಮುಗಿಯಲ್ಲ, ಜಗಳವಾಗೇ ಮುಗಿಯೋದು. ಕಂತು ತಪ್ಪತ್ತೆ ಅನ್ನಿಸಿದ್ರೆ ತಪ್ಪೋಕ್ ಮುಂಚೆನೇ ನೀವೇ ಸಾಲ ಕೊಟ್ಟವರಿಗೆ ಫೋನ್ ಮಾಡಿ. ಇನ್ನೊಂದು, ಟೆನ್ಶನ್ ಆದ ದಿನ ನೀವು ಬಾಟಲಿ ತೆಗೆದ್ರೆ ಟೆನ್ಶನ್‌ಗೆ ಔಷಧಿ ಇದು ಅಂತ ಮಗು ಕಲಿಯತ್ತೆ, ನೀವು ಬಾಯಲ್ಲಿ ಎಷ್ಟು ಬುದ್ಧಿ ಹೇಳಿದ್ರೂ ಅಷ್ಟೇ.

ಕಷ್ಟದ ಟೈಮಲ್ಲಿ ರೂಲ್ಸ್ ಸಡಿಲ ಆಗತ್ತೆ. ಇಬ್ಬರೂ ಎಕ್ಸ್‌ಟ್ರಾ ಕೆಲಸಕ್ಕೆ ಹೋಗ್ತಿರ್ತೀರಿ, ಇಲ್ಲಾಂದ್ರೆ ಏನೂ ಕೊಡ್ಸೋಕಾಗ್ತಿಲ್ಲ ಇದನ್ನಾದ್ರೂ ಬಿಡೋಣ ಅಂತ ಮನಸ್ಸು ಕರಗತ್ತೆ. ಬಿಡ್ಬೇಡಿ. ಎಲ್ಲಿಗೆ ಹೋಗ್ತಾನೆ, ಯಾರ ಜೊತೆ, ಎಷ್ಟೊತ್ತಿಗೆ ವಾಪಸ್, ಇಷ್ಟು ಕೇಳೋಕೆ ಖರ್ಚಿಲ್ಲ. 15 ತುಂಬೋಕ್ ಮುಂಚೆ ಕುಡಿಯೋಕೆ ಶುರು ಮಾಡಿದವರಲ್ಲಿ ಮುಂದೆ ಚಟ ಅಂಟಿಕೊಳ್ಳೋದು ತಡವಾಗಿ ಶುರು ಮಾಡಿದವರಿಗಿಂತ ತುಂಬಾ ಜಾಸ್ತಿ, ಅದಕ್ಕೆ ಮನೇಲೇ ಒಂದು ಗುಟುಕು ಕೊಟ್ಟು ಅಭ್ಯಾಸ ಮಾಡ್ಸೋಣ ಅನ್ನೋ ಮಾತು ನಾನು ಒಪ್ಪಲ್ಲ.

ಕುಡಿದು ಮನೆಗೆ ಬಂದ್ರೆ ಆ ರಾತ್ರಿ ಪಾಠ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲೇ ಇರಿ. ಎಬ್ಬಿಸಿದ್ರೂ ಏಳ್ತಿಲ್ಲ, ಉಸಿರು ತುಂಬಾ ನಿಧಾನ, ತುಟಿ ನೀಲಿಗಟ್ಟಿದೆ ಅಂದ್ರೆ ಕಾಯದೆ ಆಂಬ್ಯುಲೆನ್ಸ್ ಕರೀರಿ, ಕಾಫಿ ಗೀಫಿಯಿಂದ ಏನೂ ಆಗಲ್ಲ. ಮಾತು ಮಾರನೇ ದಿನಕ್ಕೆ, ಅದೂ "ಮರ್ಯಾದೆ ಕಳೆದೆ" ಅಂತ ಶುರು ಮಾಡ್ದೆ "ಕುಡಿದಾಗ ಯಾವುದು ಹಗುರ ಅನ್ಸತ್ತೆ" ಅಂತ ಕೇಳಿ, ಕೇಳಿ ಸುಮ್ಮನಿರಿ. ಅಣ್ಣ ಹದಿನಾರಕ್ಕೆ ಶುರು ಮಾಡಿದ್ದು, ಆ ಪ್ರಶ್ನೆ ಅವನಿಗೆ ಯಾರೂ ಕೇಳ್ಲಿಲ್ಲ, ಬೈಗುಳ ಮಾತ್ರ ಬಿತ್ತು.

ವಯಸ್ಸು 18 ದಾಟಿದ ಮೇಲೆ ಎಲ್ಲ ತಾನಾಗೇ ಸರಿಹೋಗತ್ತೆ ಅಂತ ಕಾಯೋರು ಜಾಸ್ತಿ. ಕೆಲವರಿಗೆ ಸರಿಹೋಗತ್ತೆ ಕೂಡ. ಆದ್ರೆ ಮನೆ ಸಾಲದ ಭಾರ ತಲೆ ಮೇಲೆ ಹೊತ್ಕೊಂಡು ಮೊದಲ ಸಂಬಳ ತಗೊಳ್ಳೋ ಹುಡುಗ ಹುಡುಗಿಯರಿಗೆ ಕೈಯಲ್ಲಿ ಸ್ವಂತ ದುಡ್ಡೂ ಇರತ್ತೆ, ಕೇಳೋರೂ ಇರಲ್ಲ, ಒಳಗೆ ಅದೇ ಹಳೇ ಭಯವೂ ಇರತ್ತೆ. ಕುಡಿತ ಮಿತಿ ಮೀರಿದೆಯಾ ಅಂತ ನೋಡೋಕೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಅನ್ನೋ 10 ಪ್ರಶ್ನೆಗಳ ಪಟ್ಟಿ ಇದೆ, ಐದು ನಿಮಿಷ ಸಾಕು, ಸ್ಕೋರ್ 8 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಡಾಕ್ಟರ್ ಹತ್ರ ಮಾತಾಡೋ ಟೈಮ್ ಬಂದಿದೆ ಅಂತ ಅರ್ಥ. ನೀವು ತುಂಬ್ಬೇಡಿ, ಅವರೇ ತುಂಬ್ಲಿ. ದುಡ್ಡು ಕೇಳಿದ್ರೆ ಕೈಗೆ ಕ್ಯಾಶ್ ಕೊಡೋ ಬದಲು ಬಾಡಿಗೆನೋ ಔಷಧಿ ಬಿಲ್ಲೋ ನೀವೇ ನೇರವಾಗಿ ಕಟ್ಟಿ, ಕುಡಿಯೋಕೆ ಮಾಡಿದ ಸಾಲ ಮಾತ್ರ ತೀರಿಸ್ಬೇಡಿ.

ದಿನಾ ಜೋರಾಗಿ ಕುಡಿಯೋರಿಗೆ "ಇವತ್ತಿಂದ ಬಿಟ್ಬಿಡು" ಅಂತ ಆಣೆ ಹಾಕಿಸ್ಬೇಡಿ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ಒಂದೇ ಸಲ ನಿಲ್ಲಿಸಿದ್ರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರ್ಬಹುದು, ಎರಡು ಮೂರನೇ ದಿನದ ಹೊತ್ತಿಗೆ ಇಲ್ಲದ್ದೆಲ್ಲ ಕಂಡು ಜೀವಕ್ಕೇ ಅಪಾಯ ಆಗ್ಬಹುದು. ಡಾಕ್ಟರ್ ಕಣ್ಣಳತೇಲಿ ನಿಲ್ಲಿಸ್ಬೇಕು, ಆಮೇಲೆ ಆಸೆ ಹತೋಟಿಗೆ ತರೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆ ಇವೆ. ಹೋಗೋವಾಗ ಒಂದು ಚೀಟೀಲಿ ದಿನಕ್ಕೆ ಎಷ್ಟು, ಕೊನೇ ಸಲ ಕುಡಿದಿದ್ದು ಎಷ್ಟೊತ್ತಿಗೆ, ಬೇರೆ ಯಾವ ಮಾತ್ರೆ ತಗೊಳ್ತಿದ್ದಾರೆ ಅಂತ ಬರ್ಕೊಂಡು ಹೋಗಿ. ಅಣ್ಣ ಹೋದಾಗ ಆ ಚೀಟಿ ನನ್ನ ಕೈಯಲ್ಲಿತ್ತು, ಡಾಕ್ಟರ್ ಕೇಳಿದಾಗ ನನ್ನಿಂದ ಇಸ್ಕೊಂಡು ಅವನೇ ಓದಿ ಹೇಳಿದ.