ಜೆಡ್ 8 ನನ್ನ ಕೈಗೆ ಒಗ್ಗಿದ್ದು ಹೀಗೆ

ನಾನು ತೆಗೆಯುವುದು ಹೆಚ್ಚಾಗಿ ಎರಡೇ ಬಗೆಯ ಫೋಟೋ. ಸಂಜೆ ಹೊತ್ತು ವೇದಿಕೆಯ ಕಾರ್ಯಕ್ರಮ, ಬೆಳಗಿನ ಹೊತ್ತು ಹಕ್ಕಿ. ನರ್ತಕಿಯಾಗಲಿ ಹಕ್ಕಿಯಾಗಲಿ, ನಾನು ಮೆನು ಹುಡುಕುತ್ತಾ ನಿಂತರೆ ಕಾಯುವುದಿಲ್ಲ. ಹಾಗಾಗಿ ನಿಕಾನ್ ಕಂಪನಿಯ ಹಳೇ ಕ್ಯಾಮೆರಾ ಡಿ850 ಬಿಟ್ಟು ಅದೇ ಕಂಪನಿಯ ಜೆಡ್ 8ಕ್ಕೆ ಬಂದಾಗ ಅದನ್ನು ನೇರವಾಗಿ ಕೆಲಸಕ್ಕೆ ಒಯ್ಯಲಿಲ್ಲ. ಮೊದಲು ಮನೆಯಲ್ಲೇ ಒಂದೊಂದು ವಿಷಯವನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿದೆ. ಕ್ಯಾಮೆರಾ ಏನೇನು ಮಾಡುತ್ತದೆ ಅನ್ನುವುದನ್ನು ಕಂಪನಿಯೇ ಹೇಳಿರುತ್ತದೆ. ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಮಾತ್ರ ನಾವೇ ಕಂಡುಕೊಳ್ಳಬೇಕು.

ಡಿ850 ಬಂದದ್ದು 2017ರಲ್ಲಿ, ಜೆಡ್ 8 ಬಂದದ್ದು 2023ರಲ್ಲಿ. ಎರಡರಲ್ಲೂ 45.7 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್. ಎರಡರ ಬೇಸ್ ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮೂಲ ಮಟ್ಟ) ಕೂಡ 64. ಆದ್ದರಿಂದ ಕಂಪ್ಯೂಟರ್‌ನಲ್ಲಿ ತೆರೆದ ಫೈಲ್ ನನಗೆ ಹೊಸದು ಅನ್ನಿಸಲಿಲ್ಲ. ಫೋಟೋ ತೆಗೆಯುವ ರೀತಿ ಮಾತ್ರ ಪೂರ್ತಿ ಬದಲಾಗಿತ್ತು. ಇದರಲ್ಲಿ ಕನ್ನಡಿ ಇಲ್ಲ. ಮೆಕ್ಯಾನಿಕಲ್ ಶಟರ್ ಕೂಡ ಇಲ್ಲ. ನೋಡುವುದು ಸಣ್ಣ ಪರದೆಯಲ್ಲಿ, ಶಟರ್ ಕೆಲಸ ಮಾಡುವುದು ಸೆನ್ಸರ್. ನಾನು ಹೊಸದಾಗಿ ಕಲಿತದ್ದೆಲ್ಲ ಬಹುಪಾಲು ಈ ಎರಡು ವಿಷಯದ ಸುತ್ತಲೇ.

ಮೊದಲ ಸಂಜೆಯ ಕೆಲಸ ಚಿಕ್ಕದು. ದಿನಾಂಕ, ಸಮಯ ಸರಿ ಮಾಡಿದೆ. ಎರಡು ಕ್ಯಾಮೆರಾ ಇಟ್ಟುಕೊಂಡು ಕೆಲಸ ಮಾಡುವವರು ಎರಡರ ಗಡಿಯಾರವನ್ನೂ ಸೆಕೆಂಡಿನವರೆಗೆ ಹೊಂದಿಸಿಕೊಳ್ಳಿ, ಆಮೇಲೆ ಫೋಟೋ ಜೋಡಿಸುವಾಗ ತುಂಬಾ ಶ್ರಮ ಉಳಿಯುತ್ತದೆ. ಕಾಪಿರೈಟ್ ಜಾಗದಲ್ಲಿ ಹೆಸರು ತುಂಬಿಸಿದೆ. ವ್ಯೂಫೈಂಡರ್ ಪಕ್ಕದ ಡಯಾಪ್ಟರ್ ತಿರುಗಿಸಿ, ಒಳಗಿನ ಅಕ್ಷರಗಳು ನನ್ನ ಕಣ್ಣಿಗೆ ಚೂಪಾಗಿ ಕಾಣುವ ಹಾಗೆ ಮಾಡಿದೆ. ಲೆನ್ಸ್ ಬದಲಿಸುವಾಗ ಧೂಳು ಕೂರದಿರಲಿ ಅಂತ, ಕ್ಯಾಮೆರಾ ಆಫ್ ಮಾಡಿದಾಗ ಸೆನ್ಸರ್ ಮುಂದಿನ ರಕ್ಷಣಾ ಪರದೆ ಮುಚ್ಚುವಂತೆ ಇಟ್ಟುಕೊಂಡೆ. ಮ್ಯಾನ್ಯುಯಲ್‌ನ ಪಿಡಿಎಫ್ ಫೋನಿಗೆ ಹಾಕಿಕೊಂಡೆ. ನೂರಾರು ಪುಟವನ್ನು ಒಂದೇ ಸಲ ಓದಿದರೆ ಏನೂ ತಲೆಯಲ್ಲಿ ನಿಲ್ಲುವುದಿಲ್ಲ. ಆ ದಿನ ಏನನ್ನು ಪರೀಕ್ಷೆ ಮಾಡುತ್ತೇನೋ ಅಷ್ಟು ಪುಟ ಮಾತ್ರ ಓದುವುದು ನನ್ನ ಕ್ರಮ.

ಆಮೇಲೆ ಬಟನ್‌ಗಳು. ಶಟರ್ ಬಟನ್‌ನಿಂದ ಫೋಕಸ್ ಕೆಲಸವನ್ನು ತೆಗೆದು, ಹಿಂದಿನ ಎಎಫ್-ಆನ್ ಬಟನ್‌ಗೆ ಮಾತ್ರ ಬಿಟ್ಟೆ. ಹೆಬ್ಬೆರಳು ಫೋಕಸ್ ಮಾಡುತ್ತದೆ, ತೋರುಬೆರಳು ಕ್ಲಿಕ್ ಮಾಡುತ್ತದೆ. ಡಿ850ರಲ್ಲೂ ಹೀಗೇ ಮಾಡುತ್ತಿದ್ದೆ. ಮುಂಭಾಗದಲ್ಲಿರುವ ಎರಡು ಎಫ್‌ಎನ್ ಬಟನ್‌ಗಳಲ್ಲಿ ಒಂದಕ್ಕೆ 3ಡಿ ಟ್ರ್ಯಾಕಿಂಗ್ (ಹಿಡಿದದ್ದು ಚಲಿಸಿದರೆ ಫೋಕಸ್ ಅದನ್ನು ಹಿಂಬಾಲಿಸುವುದು) ಕೊಟ್ಟೆ, ಇನ್ನೊಂದಕ್ಕೆ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು). ಉಳಿದ ಬಟನ್‌ಗಳಿಗೆ ಕೈ ಹಾಕಲಿಲ್ಲ. ಇಷ್ಟೊಂದು ಬಟನ್ ಇವೆ ಅಂತ ಎಲ್ಲಕ್ಕೂ ಏನಾದರೂ ಕೆಲಸ ಕೊಡುವುದು ಬೇಡ. ಬೆರಳಿಗೆ ಮೂರ್ನಾಲ್ಕು ಬಟನ್ ಗಟ್ಟಿಯಾಗಿ ಗೊತ್ತಿದ್ದರೆ ಸಾಕು.

ಅಭ್ಯಾಸಕ್ಕೆ ಕೋಣೆಯ ದೀಪ ಆರಿಸಿ ಕೂರುತ್ತಿದ್ದೆ. ಐಎಸ್‌ಒ ಏರಿಸು, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಂಡಿ) ತೆರೆ, ಫೋಕಸ್ ಬಿಂದುವನ್ನು ಎಡಕ್ಕೆ ತಳ್ಳು, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಅಳೆದದ್ದಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಸೊನ್ನೆಗೆ ತಾ. ಎಲ್ಲ ಕತ್ತಲಲ್ಲೇ, ಕಣ್ಣು ವ್ಯೂಫೈಂಡರ್‌ನಿಂದ ತೆಗೆಯದೆ. ವೇದಿಕೆ ಕೆಲಸದಲ್ಲಿ ನಾವು ಕೂರುವುದೂ ಕತ್ತಲಲ್ಲೇ ಅಲ್ವಾ?

ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಎಕ್ಸ್‌ಪೋಷರ್‌ಗೆ, ಅಂದರೆ ಫೋಟೋಗೆ ಎಷ್ಟು ಬೆಳಕು ಕೊಡಬೇಕು ಅನ್ನುವುದಕ್ಕೆ. ಬಿಳಿ ಎಲ್ಲಿ ಪೂರ್ತಿ ಹೋಗುತ್ತದೆ, ಕಪ್ಪನ್ನು ಎಷ್ಟು ಮೇಲೆತ್ತಬಹುದು, ಈ ಎರಡು ಗಡಿ ಗೊತ್ತಿಲ್ಲದೆ ಯಾವ ಕ್ಯಾಮೆರಾವನ್ನೂ ನಂಬಲು ನನಗೆ ಆಗುವುದಿಲ್ಲ.

ಬಿಳಿಯ ಗಡಿ ಹುಡುಕಲು ಒರಟು ನೇಯ್ಗೆಯ ಬಿಳಿ ಟವೆಲನ್ನು ಕಿಟಕಿ ಪಕ್ಕ ನೇತುಹಾಕಿದೆ. ಬೆಳಕು ಬದಲಾಗದ ಹೊತ್ತು ಬೇಕು, ಮೋಡ ಸರಿದಾಡುವ ದಿನ ಈ ಕೆಲಸ ಆಗುವುದಿಲ್ಲ. ಕ್ಯಾಮೆರಾ ಟ್ರೈಪಾಡ್ ಮೇಲೆ, ಮ್ಯಾನ್ಯುಯಲ್ ಮೋಡ್, ಸ್ಪಾಟ್ ಮೀಟರಿಂಗ್, 14 ಬಿಟ್ ರಾ (ಸೆನ್ಸರ್ ಕೊಟ್ಟದ್ದನ್ನು ಸಂಸ್ಕರಿಸದೆ ಉಳಿಸುವ ಫೈಲ್). ಮೀಟರ್ ಸೊನ್ನೆ ತೋರಿಸುವಲ್ಲಿ ಒಂದು ಫೋಟೋ. ಅಲ್ಲಿಂದ ಸ್ಟಾಪಿನ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು) ಮೂರನೇ ಒಂದು ಭಾಗದಷ್ಟು ಏರಿಸುತ್ತಾ ಒಂದೊಂದು ಫೋಟೋ. ಮೀಟರ್ ಸೊನ್ನೆ ಅಂದರೆ ಆ ಟವೆಲ್ ಬೂದು ಬಣ್ಣವಾಗಿ ಬರುತ್ತದೆ. ಏರಿಸುತ್ತಾ ಹೋದ ಹಾಗೆ ಬಿಳಿಯಾಗುತ್ತದೆ, ಆಮೇಲೆ ನೇಯ್ಗೆಯೇ ಕಾಣದೆ ಹೋಗುತ್ತದೆ. ರಾ ಫೈಲ್‌ಗಳನ್ನು ಕಂಪ್ಯೂಟರ್‌ನಲ್ಲಿ ಇಳಿಸಿ ನೋಡಿದೆ. ಎರಡು ಸ್ಟಾಪ್ ಮೇಲೆ ಕೊಟ್ಟದ್ದರಲ್ಲಿ ದಾರ ದಾರ ಎಣಿಸುವಷ್ಟು ವಿವರ ಇತ್ತು. ಮೂರು ಸ್ಟಾಪ್ ದಾಟಿದ ಮೇಲೆ ಎಷ್ಟು ಇಳಿಸಿದರೂ ಬರೀ ಬೂದು ಹಾಳೆ. ಈಗ ವೇದಿಕೆಯ ಮೇಲೆ ಬಿಳಿ ಬಟ್ಟೆ ತೊಟ್ಟವರು ಬಂದರೆ, ಆ ಬಟ್ಟೆಯ ಮೇಲೆ ಸ್ಪಾಟ್ ಮೀಟರ್ ಇಟ್ಟು ಎರಡು ಸ್ಟಾಪ್ ಮೇಲೆ ಕೊಡುತ್ತೇನೆ. ಯೋಚನೆ ಮಾಡುವ ಅಗತ್ಯವೇ ಇಲ್ಲ.

ಇಲ್ಲಿ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವುದು ಎಷ್ಟಿದೆ ಅಂತ ತೋರಿಸುವ ನಕ್ಷೆ) ಬಗ್ಗೆ ಒಂದು ಮಾತು. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ರಾ ಫೈಲಿನದ್ದಲ್ಲ, ಅದರಿಂದ ಮಾಡಿದ ಜೆಪೆಗ್‌ನದ್ದು. ಜೆಪೆಗ್‌ನ ಬಣ್ಣ, ಗಾಢತೆ ನಿರ್ಧರಿಸುವ ಪಿಕ್ಚರ್ ಕಂಟ್ರೋಲ್ ವಿವಿಡ್‌ನಲ್ಲಿ ಇದ್ದರೆ ಬಿಳಿ ಹೋಯಿತು ಅಂತ ಬೇಗ ಎಚ್ಚರಿಸುತ್ತದೆ, ರಾ ಫೈಲಿನಲ್ಲಿ ಇನ್ನೂ ಜಾಗ ಇರುತ್ತದೆ. ಫ್ಲಾಟ್‌ಗೆ ಹಾಕಿದರೆ ನಿಜಕ್ಕೆ ಹತ್ತಿರ ಬರುತ್ತದೆ. ವ್ಯೂಫೈಂಡರ್‌ನಲ್ಲಿ ಚಿತ್ರ ಸಪ್ಪೆಯಾಗಿ ಕಾಣುತ್ತದೆ ಅನ್ನುವುದು ನಿಜ, ಸ್ವಲ್ಪ ದಿನಕ್ಕೆ ಅಭ್ಯಾಸವಾಗುತ್ತದೆ. ಇನ್ನೊಂದು ವಿಷಯ, ಕತ್ತಲ ಸಭಾಂಗಣದಲ್ಲಿ ಪರದೆಯ ಮೇಲಿನ ಚಿತ್ರ ಇರುವುದಕ್ಕಿಂತ ಜಾಸ್ತಿ ಬೆಳಕಾಗಿ ಕಾಣುತ್ತದೆ. ಬಿಸಿಲಲ್ಲಿ ಇದರ ಉಲ್ಟಾ. ಪರದೆ ನೋಡಿ ಎಕ್ಸ್‌ಪೋಷರ್ ತೀರ್ಮಾನ ಮಾಡುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ.

ಕಪ್ಪಿನ ಕಡೆಯ ಪರೀಕ್ಷೆ ಇನ್ನೂ ಕುತೂಹಲದ್ದು. ಪುಸ್ತಕದ ಕಪಾಟಿನ ನೆರಳಿನ ಮೂಲೆಯನ್ನು ಬೇರೆ ಬೇರೆ ಐಎಸ್‌ಒದಲ್ಲಿ ಬೇಕೆಂತಲೇ ಕಡಿಮೆ ಎಕ್ಸ್‌ಪೋಸ್ ಮಾಡಿ ತೆಗೆದೆ. ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ಏರಿಸಿ ಪಕ್ಕ ಪಕ್ಕ ಇಟ್ಟೆ. ಐಎಸ್‌ಒ ಏರಿದ ಹಾಗೆ ನಾಯ್ಸ್ (ಚಿತ್ರದ ಮೇಲೆ ಕಾಣುವ ಕಾಳು ಕಾಳು) ಏರಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ 400ಕ್ಕಿಂತ 500ರಲ್ಲಿ ನೆರಳು ಸ್ವಚ್ಛವಾಗಿ ಕಂಡಿತು. ಕಾರಣ ಇದೆ. ಈ ಸೆನ್ಸರ್‌ನ ಪಿಕ್ಸೆಲ್‌ಗಳಲ್ಲಿ ಎರಡು ಹಂತದ ಗೇಯ್ನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಮಟ್ಟ, ಇದೆ. ಐಎಸ್‌ಒ 500ರ ಹತ್ತಿರ ಅದು ಎರಡನೇ ಹಂತಕ್ಕೆ ಬದಲಾಗುತ್ತದೆ. ಆಗ ಓದುವಾಗ ಸೇರಿಕೊಳ್ಳುವ ನಾಯ್ಸ್ ತಟ್ಟನೆ ಕಡಿಮೆಯಾಗುತ್ತದೆ, ಬದಲಿಗೆ ಬಿಳಿಯ ಕಡೆ ಸ್ವಲ್ಪ ಜಾಗ ಬಿಟ್ಟುಕೊಡಬೇಕು. ಬೆಳಕು ಚೆನ್ನಾಗಿದ್ದಾಗ 64ರ ಹತ್ತಿರ ಇರುತ್ತೇನೆ. 320, 400 ಬೇಕಾಯಿತು ಅಂದರೆ ಅಲ್ಲಿ ನಿಲ್ಲದೆ 500ಕ್ಕೆ ಹೋಗುತ್ತೇನೆ, ಉಳಿದ ಬೆಳಕನ್ನು ಶಟರ್ ಸ್ಪೀಡ್‌ಗೆ ಕೊಡುತ್ತೇನೆ. ಒಂದು ಮಧ್ಯಾಹ್ನದ ಪರೀಕ್ಷೆಯಿಂದ ಸಿಕ್ಕಿದ ಲಾಭ ಇದು.

ಇನ್ನು ಶಟರ್. ಎಲೆಕ್ಟ್ರಾನಿಕ್ ಶಟರ್ ಅಂದರೆ ಸೆನ್ಸರನ್ನು ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುವುದು. ಓದುವುದು ನಿಧಾನವಾದರೆ ತಿರುಗುವ ಫ್ಯಾನಿನ ರೆಕ್ಕೆ ಬಾಗಿ ಬರುತ್ತದೆ. ಜೆಡ್ 8ರದ್ದು ಸ್ಟ್ಯಾಕ್ಡ್ ಸೆನ್ಸರ್, ಅಂದರೆ ವೇಗವಾಗಿ ಓದಲು ಪದರ ಪದರವಾಗಿ ಕಟ್ಟಿದ್ದು. ಪೂರ್ತಿ ಚಿತ್ರವನ್ನು ಸುಮಾರು 1/270 ಸೆಕೆಂಡಿನಲ್ಲಿ ಓದಿ ಮುಗಿಸುತ್ತದೆ. ಮೆಕ್ಯಾನಿಕಲ್ ಶಟರ್‌ನ ವೇಗಕ್ಕೆ ಇದು ಹತ್ತಿರ. ಫ್ಯಾನ್, ಬೀಸುವ ಬ್ಯಾಟ್, ರೆಕ್ಕೆ ಬಡಿಯುವ ಪಾರಿವಾಳ, ಯಾವುದರಲ್ಲೂ ನನ್ನ ಕೆಲಸಕ್ಕೆ ತೊಂದರೆಯಾಗುವಷ್ಟು ಬಾಗು ಕಾಣಲಿಲ್ಲ.

ತೊಂದರೆ ಇರುವುದು ಎಲ್‌ಇಡಿ ದೀಪದಲ್ಲಿ. ಮನೆ ವಿದ್ಯುತ್ 50 ಹರ್ಟ್ಜ್ ಇದ್ದಲ್ಲಿ ಸಾಮಾನ್ಯ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, 60 ಇದ್ದಲ್ಲಿ 120 ಸಲ. ಶಟರ್ ಅದಕ್ಕೆ ಹೊಂದಿದರೆ, ಅಂದರೆ 1/100 ಅಥವಾ 1/50, ಇನ್ನೊಂದು ಕಡೆ 1/125 ಅಥವಾ 1/60 ಇಟ್ಟರೆ, ಪಟ್ಟಿ ಬೀಳುವುದಿಲ್ಲ. ವೇದಿಕೆಯ ಎಲ್‌ಇಡಿ ಇನ್ನೂ ಕಷ್ಟ. ಬೆಳಕು ಕಡಿಮೆ ಮಾಡಲು ಅದನ್ನು ತುಂಬಾ ವೇಗವಾಗಿ ಆನ್ ಆಫ್ ಮಾಡುತ್ತಿರುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಅಡ್ಡ ಗೆರೆಗಳು ಕಾಣುತ್ತವೆ. ಇದಕ್ಕಾಗಿಯೇ ಮೆನುವಿನಲ್ಲಿ ಹೈ ಫ್ರೀಕ್ವೆನ್ಸಿ ಫ್ಲಿಕರ್ ರಿಡಕ್ಷನ್ ಇದೆ. ಅದು ಆನ್ ಇದ್ದರೆ ಶಟರ್ ಸ್ಪೀಡನ್ನು ಅತಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸಬಹುದು. ವ್ಯೂಫೈಂಡರ್ ನೋಡುತ್ತಾ, ಗೆರೆಗಳು ಮಾಯವಾಗುವ ಜಾಗ ಸಿಗುವವರೆಗೆ ಡಯಲ್ ತಿರುಗಿಸುವುದು. ನಾನು ಮನೆಯಲ್ಲಿ ಡಿಮ್ಮರ್ ಇರುವ ಎಲ್‌ಇಡಿ ದೀಪ ಇಟ್ಟುಕೊಂಡು ಇದನ್ನು ಅಭ್ಯಾಸ ಮಾಡಿದೆ. ಈಗ ಕಾರ್ಯಕ್ರಮದ ಮೊದಲು ದೀಪ ಪರೀಕ್ಷೆ ನಡೆಯುವಾಗಲೇ ಹೋಗಿ, ಪ್ರತಿ ಬಣ್ಣದ ದೀಪಕ್ಕೂ ನೋಡಿಕೊಳ್ಳುತ್ತೇನೆ.

ಇದರ ಒಂದು ದೊಡ್ಡ ಸುಖ, ಸದ್ದೇ ಇಲ್ಲ. ಮೆಲುದನಿಯ ಆಲಾಪದ ನಡುವೆ ಟಕ್ ಟಕ್ ಅನ್ನುವ ಸಂಕೋಚ ಹೋಯಿತು. ಆದರೆ ಸದ್ದಿಲ್ಲದಿದ್ದರೆ ಫೋಟೋ ಬಿತ್ತೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ. ಪ್ರತಿ ಕ್ಲಿಕ್‌ಗೂ ಅಂಚಿನಲ್ಲಿ ಗೆರೆ ಮಿನುಗುವ ಹಾಗೆ ಇಟ್ಟುಕೊಂಡೆ.

ಆಟೋಫೋಕಸ್‌ಗೆ ಬಂದರೆ, ಡಿ850ರ 153 ಬಿಂದುಗಳು ಚಿತ್ರದ ನಡುವೆಯೇ ಗುಂಪಾಗಿದ್ದವು. ನಡುವಿನಲ್ಲಿ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ಸರಿಸಿ ಚೌಕಟ್ಟು ಹೊಂದಿಸುವ ಅಭ್ಯಾಸ ನನ್ನ ಮೈಗೆ ಅಂಟಿತ್ತು. ಇಲ್ಲಿ 493 ಬಿಂದುಗಳು ಹೆಚ್ಚುಕಡಿಮೆ ಅಂಚಿನವರೆಗೂ ಹರಡಿವೆ. ಮೊದಲು ಚೌಕಟ್ಟು, ಆಮೇಲೆ ಅದರೊಳಗೆ ಮುಖ ಎಲ್ಲಿದೆಯೋ ಅಲ್ಲಿ ಫೋಕಸ್. ಕೇಳಲು ಸಣ್ಣ ಬದಲಾವಣೆ, ನನ್ನ ಫೋಟೋಗಳಲ್ಲಿ ಮುಖಗಳು ನಡುವಿನಿಂದ ಆಚೆ ಬಂದದ್ದು ಇದರಿಂದಲೇ. ಫೋಕಸ್ ನೋಡುವುದು ಚಿತ್ರ ಹಿಡಿಯುವ ಸೆನ್ಸರೇ ಆದ್ದರಿಂದ ಲೆನ್ಸ್ ಲೆನ್ಸ್‌ಗೂ ಫೋಕಸ್ ತಿದ್ದುವ ಗೋಳು ಬಹುಮಟ್ಟಿಗೆ ಇಲ್ಲ.

ಕಣ್ಣು ಗುರುತಿಸುವ ಶಕ್ತಿ ಅದ್ಭುತ, ಆದರೆ ಯಾರ ಕಣ್ಣು ಅನ್ನುವುದು ಅದಕ್ಕೆ ಗೊತ್ತಿಲ್ಲ. ಹತ್ತು ಜನರ ಗುಂಪು ನೃತ್ಯದಲ್ಲಿ ಪೂರ್ತಿ ಆಟೋ ಏರಿಯಾಕ್ಕೆ ಬಿಟ್ಟರೆ ಹತ್ತಿರ ಇರುವವರ ಕಡೆ ಹಾರುತ್ತದೆ. ಸಣ್ಣ ಜಾಗದಿಂದ ನನಗೆ ಬೇಕಾದವರನ್ನು ಹಿಡಿಯುತ್ತೇನೆ, ಆಮೇಲೆ ಎಫ್‌ಎನ್ ಬಟನ್ ಒತ್ತಿ 3ಡಿ ಟ್ರ್ಯಾಕಿಂಗ್‌ಗೆ ಒಪ್ಪಿಸುತ್ತೇನೆ. ಹಕ್ಕಿಗೂ ಇದೇ ದಾರಿ. ಕೊಂಬೆಗಳ ನಡುವೆ ಕೂತಿದ್ದರೆ ಮೊದಲು ಒಂದೇ ಬಿಂದು, ಹಾರಿದ ಕೂಡಲೇ ಟ್ರ್ಯಾಕಿಂಗ್. 2024ರ ಫೆಬ್ರವರಿಯಲ್ಲಿ ಬಂದ 2.00 ಫರ್ಮ್‌ವೇರ್‌ನಲ್ಲಿ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಹಕ್ಕಿಗೆಂದೇ ಬೇರೆ ಆಯ್ಕೆ ಸಿಕ್ಕಿತು. ಅಭ್ಯಾಸ ಮಾತ್ರ ಹಕ್ಕಿಗಳ ಮೇಲೆ ಶುರುಮಾಡಬೇಡಿ. ರಸ್ತೆ ಬದಿ ನಿಂತು ಸೈಕಲ್ ಸವಾರರ ಮೇಲೆ ಮಾಡಿ. ಅವರು ಒಂದೇ ದಿಕ್ಕಿನಿಂದ, ಒಂದೇ ವೇಗದಲ್ಲಿ ಬರುತ್ತಾರೆ, ನಡುವೆ ಕಂಬವೂ ಅಡ್ಡ ಸಿಗುತ್ತದೆ. ಕಂಬ ಅಡ್ಡ ಬಂದಾಗ ಫೋಕಸ್ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು 1ರಿಂದ 5ರವರೆಗೆ ಹೊಂದಿಸಬಹುದು. ಹಾಡುವವರ ಮುಂದಿನ ಮೈಕ್ ಕೂಡ ಅಂಥ ಕಂಬವೇ. ವೇದಿಕೆಗೆ ನಾನು 5ರಲ್ಲಿ ಇಡುತ್ತೇನೆ.

ಕಾರ್ಡ್ ವಿಷಯ ಹಲವರು ಗಮನಿಸುವುದಿಲ್ಲ. ಇದರಲ್ಲಿ ಒಂದು ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಜಾಗ, ಒಂದು ಎಸ್‌ಡಿ ಜಾಗ. ಎರಡರಲ್ಲೂ ಒಂದೇ ಫೋಟೋ ಉಳಿಸುವಂತೆ ಇಟ್ಟರೆ, ಜೋಡಿ ಎತ್ತಿನ ಗಾಡಿ ನಿಧಾನದ ಎತ್ತಿನ ವೇಗದಲ್ಲೇ ಸಾಗುವ ಹಾಗೆ, ಎಲ್ಲವೂ ಎಸ್‌ಡಿಯ ವೇಗಕ್ಕೆ ಇಳಿಯುತ್ತದೆ. ಸೆಕೆಂಡಿಗೆ 20 ರಾ ಫೋಟೋ ತೆಗೆಯುವ ಕ್ಯಾಮೆರಾದ ತಾತ್ಕಾಲಿಕ ಮೆಮೊರಿ ಬೇಗ ತುಂಬಿ, ವೇಗ ಕುಸಿಯುತ್ತದೆ. ಬಟನ್ ಒತ್ತಿ ಹಿಡಿದು, ನನ್ನ ಕಾರ್ಡ್‌ಗಳಲ್ಲಿ ಎಷ್ಟು ಹೊತ್ತಿಗೆ ವೇಗ ಕುಸಿಯುತ್ತದೆ ಅಂತ ನೋಡಿಕೊಂಡೆ. ವೇದಿಕೆಗೆ ಎರಡೂ ಕಾರ್ಡ್, ಅಲ್ಲಿ ಫೋಟೋ ಕಳೆದುಕೊಳ್ಳುವ ಹಾಗಿಲ್ಲ, ವೇಗವೂ ಅಷ್ಟು ಬೇಡ. ಹಕ್ಕಿಗೆ ಬರೀ ಸಿಎಫ್‌ಎಕ್ಸ್‌ಪ್ರೆಸ್, ಹೆಚ್ಚು ಕುಗ್ಗಿಸಿ ಉಳಿಸುವ ಹೈ ಎಫಿಷಿಯೆನ್ಸಿ ಸ್ಟಾರ್ ರಾ. ಏನೂ ಕಳೆಯದೆ ಉಳಿಸುವ ಲಾಸ್‌ಲೆಸ್ ರಾ ಪಕ್ಕ ಇಟ್ಟು ಎಷ್ಟು ಹಿಗ್ಗಿಸಿ ನೋಡಿದರೂ ನನಗೆ ವ್ಯತ್ಯಾಸ ಕಾಣಲಿಲ್ಲ, ಫೈಲ್ ಮಾತ್ರ ತುಂಬಾ ಚಿಕ್ಕದು.

ಬ್ಯಾಟರಿ ಬೇಗ ಇಳಿಯುತ್ತದೆ. ಕನ್ನಡಿ ಕ್ಯಾಮೆರಾದಲ್ಲಿ ಸುಮ್ನೆ ನೋಡುತ್ತಾ ಕೂತರೆ ಏನೂ ಖರ್ಚಿರಲಿಲ್ಲ, ಇಲ್ಲಿ ನೋಡುವುದಕ್ಕೂ ಬ್ಯಾಟರಿ ಬೇಕು. ಹಾಗಾಗಿ ಒಂದು ಕಾರ್ಯಕ್ರಮಕ್ಕೆ ಮೂರು ಬ್ಯಾಟರಿ.

ಕೊನೆಯದಾಗಿ ನನ್ನ ಕೈಯನ್ನೇ ಅಳೆದೆ. ಲೆನ್ಸಿನ ಫೋಕಲ್ ಲೆಂತ್ 200 ಮಿ.ಮೀ. ಆದರೆ ಶಟರ್ 1/200 ಸಾಕು ಅನ್ನುವ ಹಳೇ ಲೆಕ್ಕ 45 ಮೆಗಾಪಿಕ್ಸೆಲ್‌ಗೆ ಸಾಲುವುದಿಲ್ಲ. ಗೋಡೆಗೆ ಸಣ್ಣ ಅಕ್ಷರದ ಹಾಳೆ ಅಂಟಿಸಿ, ಪ್ರತಿ ಲೆನ್ಸಿನಲ್ಲೂ ಶಟರ್ ಇಳಿಸುತ್ತಾ ತೆಗೆದೆ. ಸ್ಟೆಬಿಲೈಸೇಷನ್ ಆನ್ ಇದ್ದಾಗ ನಿಂತ ವಸ್ತು 1/30ರಲ್ಲೂ ಚೂಪಾಗಿ ಬರುತ್ತದೆ. ಆದರೆ ಅದು ನನ್ನ ಕೈ ನಡುಕ ತಡೆಯುತ್ತದೆ, ನರ್ತಕಿಯ ಕೈ ಚಲನೆಯನ್ನಲ್ಲ. ಅದಕ್ಕೆ 1/500 ಬೇಕು, ತಿರುಗುವಾಗ 1/1000. ಅಪರ್ಚರ್ ಕೂಡ ಹೀಗೇ ನೋಡಿದೆ. ಎಫ್ 11ರ ಆಚೆ ಕಂಡಿ ಕಿರಿದಾದರೆ ಡಿಫ್ರಾಕ್ಷನ್‌ನಿಂದ (ಬೆಳಕು ಚದುರುವುದರಿಂದ) ಅಕ್ಷರದ ಅಂಚು ಮೆತ್ತಗಾಗುತ್ತದೆ, ಎಫ್ 16ರಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ.

ಇಷ್ಟೆಲ್ಲ ಹೊಂದಿಸಿದ ಮೇಲೆ ಶೂಟಿಂಗ್ ಮೆನು ಬ್ಯಾಂಕ್ ಎ ವೇದಿಕೆಗೆ, ಬಿ ಹಕ್ಕಿಗೆ ಅಂತ ಹೆಸರಿಟ್ಟು ಉಳಿಸಿದೆ. ಪೂರ್ತಿ ಸೆಟ್ಟಿಂಗ್ ಫೈಲನ್ನು ಕಾರ್ಡ್‌ಗೆ ಹಾಕಿ, ಅಲ್ಲಿಂದ ಕಂಪ್ಯೂಟರ್‌ಗೂ ನಕಲು ಮಾಡಿಟ್ಟಿದ್ದೇನೆ. ಹೊಸ ಫರ್ಮ್‌ವೇರ್ ಹಾಕುವ ಮೊದಲು ಪ್ರತಿ ಸಲ ಮತ್ತೆ ಉಳಿಸುತ್ತೇನೆ, ಹಾಕಿದ ಮೇಲೆ ಫ್ಲಿಕರ್ ಮತ್ತು ಫೋಕಸ್ ಪರೀಕ್ಷೆ ಎರಡನ್ನೂ ಇನ್ನೊಮ್ಮೆ ಮಾಡುತ್ತೇನೆ.