ಡೆಸ್ಕ್‌ಟಾಪ್ ಇಲ್ಲದ ಲಿನಕ್ಸ್ ಹೊಸಬರಿಗೆ ಆಗುತ್ತಾ?

ಡೆಸ್ಕ್‌ಟಾಪ್ ಇಲ್ಲದ್ದು ಅಂದರೆ ಕಿಟಕಿ, ಐಕಾನ್ ಏನೂ ಇಲ್ಲದೆ, ಕಪ್ಪು ಪರದೆಯಲ್ಲಿ ಕಮಾಂಡು ಟೈಪ್ ಮಾಡಿಯೇ ನಡೆಸುವ ಲಿನಕ್ಸ್. ಈ ಪ್ರಶ್ನೆ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ಪಕ್ಕದಲ್ಲಿ ಇನ್ನೊಂದು ಕಂಪ್ಯೂಟರೋ ಮೊಬೈಲೋ ಇದೆಯಾ? ಇದ್ದರೆ ಧಾರಾಳವಾಗಿ ಆಗುತ್ತದೆ. ಇರುವುದೊಂದೇ ಲ್ಯಾಪ್‌ಟಾಪ್, ನಾಳೆ ಬೆಳಿಗ್ಗೆ ಅದರಲ್ಲೇ ಆಫೀಸ್ ಕೆಲಸ ಮಾಡಬೇಕು ಅನ್ನುವವರು ಸುಮ್ನೆ ಡೆಸ್ಕ್‌ಟಾಪ್ ಸಮೇತ ಬರುವ ಮಿಂಟ್ ಎಂಬ ಲಿನಕ್ಸ್ ಹಾಕಿಕೊಳ್ಳಿ. ಕಮಾಂಡು ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ಅದರಲ್ಲೂ ಇದೆ ಅಲ್ವಾ?

ನಾನು ಹಾಕಿದ್ದು ಡೆಬಿಯನ್ 12 ಎಂಬ ಲಿನಕ್ಸ್. ಮನೆಯಲ್ಲಿದ್ದ 2 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, ಬ್ರೌಸರ್ ತೆರೆದರೆ ಸಾಕು ಏದುಸಿರು ಬಿಡುತ್ತಿತ್ತು. ಮನೆಯ ಫೈಲುಗಳನ್ನೆಲ್ಲ ಒಂದೇ ಕಡೆ ಇಡಲು ಅದನ್ನು ಬಳಸೋಣ, ಹಾಗೇ ಕಮಾಂಡುಗಳನ್ನೂ ಕಲಿಯೋಣ ಅನ್ನಿಸಿತು. ಎಲ್ಲರೂ ಹೇಳುವ ಆರ್ಚ್ ಎಂಬ ಇನ್ನೊಂದು ಲಿನಕ್ಸ್ ಕಡೆ ನಾನು ಹೋಗಲಿಲ್ಲ. ಅದರ ಮೂಲ ಪ್ಯಾಕೇಜಿನಲ್ಲಿ ನೆಟ್ ಜೋಡಿಸುವ ನೆಟ್‌ವರ್ಕ್ ಮ್ಯಾನೇಜರ್ ಇಲ್ಲ, ಬರೆಯಲು ಎಡಿಟರ್ ಇಲ್ಲ, ಓದಲು ಕಮಾಂಡುಗಳ ಕೈಪಿಡಿಯಾದ ಮ್ಯಾನ್ ಪುಟಗಳೂ ಇಲ್ಲ. ಎಲ್ಲವನ್ನೂ ನಾವೇ ನೆನಪಿಟ್ಟು ಸೇರಿಸಬೇಕು. 2021ರಿಂದ ಆರ್ಚ್‌ಇನ್‌ಸ್ಟಾಲ್ ಎಂಬ ಸಹಾಯಕ ಅದರ ಜೊತೆಗೇ ಬರುತ್ತಿದೆ, ನಿಜ. ಆದರೂ ಮೊದಲ ಸಲಕ್ಕೆ ನನಗೆ ಡೆಬಿಯನ್ನೇ ಸಲೀಸು ಅನ್ನಿಸಿತು.

ಡೆಬಿಯನ್ ಇನ್‌ಸ್ಟಾಲರಿನಲ್ಲಿ ಎರಡು ಕಡೆ ನಿಧಾನಿಸಬೇಕು. ಮೊದಲನೆಯದು ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಪಾಸ್‌ವರ್ಡ್ ಕೇಳುವ ಜಾಗ. ಅದನ್ನು ಖಾಲಿ ಬಿಟ್ಟರೆ ನಿಮ್ಮ ಖಾತೆಗೇ ಸುಡೊ ಅಧಿಕಾರ, ಅಂದರೆ ರೂಟ್ ಮಾಡುವ ಕೆಲಸ ಮಾಡುವ ಅನುಮತಿ, ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟರೆ ಸಿಗುವುದಿಲ್ಲ, ಆಮೇಲೆ ನೀವೇ ಸೇರಿಸಿಕೊಳ್ಳಬೇಕು. ಎರಡನೆಯದು ಕೊನೆಗೆ ಬರುವ ಸಾಫ್ಟ್‌ವೇರ್ ಪಟ್ಟಿ. ಅಲ್ಲಿ ಡೆಸ್ಕ್‌ಟಾಪ್ ಮತ್ತು ಗ್ನೋಮ್ (ಒಂದು ಬಗೆಯ ಡೆಸ್ಕ್‌ಟಾಪ್) ಮುಂದಿನ ಗುರುತನ್ನು ಸ್ಪೇಸ್ ಬಾರ್ ಒತ್ತಿ ತೆಗೆಯಬೇಕು, ಬೇರೆ ಕಂಪ್ಯೂಟರಿನಿಂದ ಒಳಬರಲು ಬೇಕಾದ ಎಸ್‌ಎಸ್‌ಎಚ್ ಸರ್ವರಿಗೆ ಗುರುತು ಹಾಕಬೇಕು. ಎಂಟರ್ ಒತ್ತಿದರೆ ಗುರುತು ಬದಲಾಗುವುದಿಲ್ಲ, ನೇರ ಮುಂದಕ್ಕೆ ಹೋಗಿಬಿಡುತ್ತದೆ.

ವೈಫೈ ಚಿಪ್ ನಡೆಸುವ ಫರ್ಮ್‌ವೇರ್ ಡೆಬಿಯನ್ 12ರಿಂದ ಇನ್‌ಸ್ಟಾಲರಿನಲ್ಲೇ ಸೇರಿದೆ, ದೊಡ್ಡ ತಲೆನೋವು ತಪ್ಪಿತು. ಆದರೂ ಮೊಬೈಲಿನ ಯುಎಸ್‌ಬಿ ಕೇಬಲ್ ಕೈಗೆ ಸಿಗುವಂತಿರಲಿ. ವೈಫೈ ಕೈಕೊಟ್ಟಾಗ ಟೆದರಿಂಗ್, ಅಂದರೆ ಮೊಬೈಲಿನ ನೆಟ್ಟನ್ನು ಕೇಬಲ್ ಮೂಲಕ ಪಡೆಯುವುದು, ಕಾಪಾಡುತ್ತದೆ. ನೆಟ್ ಬಂದ ಮೇಲೆ ನೆಟ್‌ವರ್ಕ್ ಮ್ಯಾನೇಜರ್ ಹಾಕಿಕೊಂಡರೆ ಎನ್‌ಎಂಟಿಯುಐ (nmtui) ಎಂಬ ಕಮಾಂಡು ಸಿಗುತ್ತದೆ. ಬಾಣದ ಕೀಲಿಗಳಲ್ಲೇ ವೈಫೈ ಆರಿಸಬಹುದು.

ಕಪ್ಪು ಪರದೆ ಕಂಡು ಹೆದರುವವರಿಗೆ ನಿಜವಾಗಿ ಅಡ್ಡಬರುವುದು ಕಮಾಂಡುಗಳಲ್ಲ, ಸಣ್ಣಪುಟ್ಟ ವಿಷಯಗಳು. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿಯೂ ಕಾಣುವುದಿಲ್ಲ; ಕೀಬೋರ್ಡ್ ಕೆಟ್ಟಿಲ್ಲ, ಅದು ಇರುವುದೇ ಹಾಗೆ. ಕಂಟ್ರೋಲ್ ಜೊತೆ ಎಸ್ ಒತ್ತಿದರೆ ಪರದೆ ಹೆಪ್ಪುಗಟ್ಟುತ್ತದೆ, ಕಂಟ್ರೋಲ್ ಜೊತೆ ಕ್ಯೂ ಒತ್ತಿದರೆ ಬಿಡುತ್ತದೆ. ಸೇವ್ ಮಾಡುವ ಅಭ್ಯಾಸ ಇರುವವರ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ! ಮ್ಯಾನ್ ಪುಟದಿಂದ ಹೊರಬರಲು ಕ್ಯೂ. ಎಡಿಟರ್ ಬೇಕಾದರೆ ನ್ಯಾನೊ ಸಾಕು, ವಿಐ ಎಂಬ ಇನ್ನೊಂದು ಎಡಿಟರಿನ ಸಹವಾಸ ಆಮೇಲೆ ನೋಡಿಕೊಳ್ಳಿ. ಆಲ್ಟ್ ಜೊತೆ ಎಫ್2 ಒತ್ತಿದರೆ ಇನ್ನೊಂದು ಲಾಗಿನ್ ಪರದೆ ಬರುತ್ತದೆ. ಒಂದರಲ್ಲಿ ಮ್ಯಾನ್ ಪುಟ, ಇನ್ನೊಂದರಲ್ಲಿ ಕೆಲಸ: ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ನಮಗೆ ಇನ್ನೊಂದು ಸಂಗತಿ ಇದೆ. ಈ ಪರದೆಯಲ್ಲಿ ಕನ್ನಡ ಕಾಣುವುದಿಲ್ಲ. ಲಿನಕ್ಸ್ ಕನ್ಸೋಲ್, ಅಂದರೆ ಈ ಕಪ್ಪು ಪರದೆ, ಒಂದು ಸಲಕ್ಕೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಒತ್ತಕ್ಷರ ಜೋಡಿಸುವುದಂತೂ ಅದಕ್ಕೆ ಬಾರದು. ಕನ್ನಡ ಹೆಸರಿನ ಫೈಲುಗಳು ಗುರುತೇ ಸಿಗದ ಚಿಹ್ನೆಗಳಾಗಿ ಕಾಣುತ್ತವೆ. ಹೆಸರು ಹಾಳಾಗಿರುವುದಿಲ್ಲ, ತೋರಿಸಲು ಆಗುತ್ತಿಲ್ಲ ಅಷ್ಟೇ. ನಾನು ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಒಳಹೋಗುತ್ತೇನೆ. ಆಗ ಅಕ್ಷರ ಬಿಡಿಸುವುದು ಆ ಕಂಪ್ಯೂಟರಿನ ಟರ್ಮಿನಲ್, ಹಾಗಾಗಿ ಕನ್ನಡ ಓದಲು ಬರುತ್ತದೆ. ಕನ್ನಡದಲ್ಲೇ ದಿನವಿಡೀ ಬರೆಯುವವರಿಗೆ ಮಾತ್ರ ಡೆಸ್ಕ್‌ಟಾಪ್ ಇಲ್ಲದ ಲಿನಕ್ಸ್ ಬೇಡ, ನೇರವಾಗಿ ಹೇಳುತ್ತೇನೆ.

ಸರ್ವರ್ ಕೆಲಸಕ್ಕೆ ಹೋಗಬೇಕೆಂದಿರುವ ವಿದ್ಯಾರ್ಥಿಗಳು ಹಿಂಜರಿಯುವುದು ಬೇಡ. ಅಲ್ಲಿ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಇರುವುದೇ ಇಲ್ಲ. ಹಳೇ ಲ್ಯಾಪ್‌ಟಾಪ್ ಇಲ್ಲದಿದ್ದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ವರ್ಚುವಲ್‌ಬಾಕ್ಸ್ ಒಳಗೆ ಹಾಕಿ ನೋಡಿ. ಬೇಸರ ಬಂದರೆ ಅಳಿಸಿ ಮತ್ತೆ ಹಾಕಬೇಕಾಗಿಯೂ ಇಲ್ಲ: ಟಾಸ್ಕ್‌ಸೆಲ್ (tasksel) ಎಂಬ ಕಮಾಂಡನ್ನು ಸುಡೊ ಜೊತೆ ಕೊಟ್ಟರೆ ಅದೇ ಪಟ್ಟಿ ಮತ್ತೆ ಬರುತ್ತದೆ. ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪಿಗೆ ಗುರುತು ಹಾಕಿ, ನೆಟ್ ಇರುವಾಗ ಎಂಟರ್ ಒತ್ತಿ.