ಕಡಿಮೆ ಒದೆಯುವ ರೈಫಲ್, ಒಂದೇ ಈಡು

ನಮ್ಮೂರು ತೀರ್ಥಹಳ್ಳಿ ಕಡೆ. ಇಲ್ಲಿ ಜಿಂಕೆ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದು ಸರಿಯೇ. ನಾನು ಹೇಳುತ್ತಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸದಲ್ಲಿದ್ದಾಗ ಶಿಕಾರಿಯ ಕೋರ್ಸ್ ಮುಗಿಸಿ, ಲೈಸೆನ್ಸ್ ತಗೊಂಡು ಮಾಡಿದ ಶಿಕಾರಿ. ಊರಿಗೆ ಬಂದಾಗಲೆಲ್ಲ ಹುಡುಗರು ಆ ಶಿಕಾರಿಯ ಕತೆ ಕೇಳುತ್ತಾರೆ, ಅದಕ್ಕೆ ಬರೆದೆ.

ಚಿಕ್ಕವನಿದ್ದಾಗ ಅಪ್ಪಯ್ಯ ಪಕ್ಕದಲ್ಲಿ ನಿಂತು ಹನ್ನೆರಡು ಬೋರಿನ ಕೋವಿಯಲ್ಲಿ ಒಂದು ಈಡು ಹೊಡೆಸಿದ್ದರು. ಕೋವಿ ಹಿಂದಕ್ಕೆ ಒದ್ದ ಒದೆತಕ್ಕೆ ಭುಜ ಎರಡು ದಿನ ನೋವು. ಆ ಹೆದರಿಕೆ ಮೈಯಲ್ಲೇ ಉಳಿದುಬಿಟ್ಟಿತ್ತು. ವಿಸ್ಕಾನ್ಸಿನ್‌ನಲ್ಲಿ ಗೆಳೆಯನ .30-06 ರೈಫಲ್ ಹಿಡಿದು ಅಭ್ಯಾಸಕ್ಕೆ ಹೋದೆ, ಗುಂಡು ಎಲ್ಲೆಲ್ಲೋ ಬೀಳುತ್ತಿತ್ತು. ಅವನು ನನಗೆ ಗೊತ್ತಾಗದ ಹಾಗೆ ಮದ್ದಿಲ್ಲದ ತೋಟಾ ಒಂದನ್ನು ಸೇರಿಸಿದ. ಟ್ರಿಗರ್ ಎಳೆದೆ, ಸದ್ದೇ ಇಲ್ಲ, ಆದರೆ ನಳಿಗೆಯ ತುದಿ ಅರ್ಧ ಅಡಿ ಕೆಳಗೆ ಇಳಿದಿತ್ತು! ಒದೆತಕ್ಕೆ ಮೊದಲೇ ನಾನು ಬೆಚ್ಚುತ್ತಿದ್ದೆ.

ಆಮೇಲೆ .243 ವಿಂಚೆಸ್ಟರ್ ಅನ್ನುವ, ಅದಕ್ಕಿಂತ ಚಿಕ್ಕ ಗುಂಡಿನ ರೈಫಲ್ ಹಿಡಿದೆ. ಒದೆತ ಹೆಚ್ಚುಕಮ್ಮಿ ಅರ್ಧ. ಮೂರು ವಾರದಲ್ಲಿ ನೂರು ಗಜದಿಂದ ಎಲ್ಲ ಗುಂಡೂ ಅಂಗೈಯಗಲದೊಳಗೆ ಬೀಳತೊಡಗಿದವು. ಚಿಕ್ಕ ಗುಂಡಿಗೆ ಜಿಂಕೆ ಬೀಳುತ್ತಾ ಅಂತ ಕೇಳುವವರಿದ್ದಾರೆ. ಬೀಳುತ್ತದೆ, ಆದರೆ ಗುಂಡು ಸರಿಯಾದದ್ದಿರಬೇಕು. ನಾನು ಹಾಕಿದ್ದು 100 ಗ್ರೇನ್ ತೂಕದ್ದು, ಅಂದರೆ ಆರೂವರೆ ಗ್ರಾಂ. ಅದೇ ರೈಫಲ್‌ಗೆ ಸಣ್ಣ ಪ್ರಾಣಿಗೆ ಅಂತ ಬರುವ ಹಗುರ ಗುಂಡು ಒಳಗೆ ಇಳಿಯುವ ಮೊದಲೇ ಚೂರಾಗುತ್ತದೆ, ಜಿಂಕೆ ಸುಮ್ನೆ ಗಾಯಗೊಂಡು ನರಳುತ್ತದೆ. ಅದು ಬೇಡ.

ನವೆಂಬರ್ ಚಳಿ, ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್, ನಮ್ಮಲ್ಲಿ ಹಿಂದೆ ಮರದ ಮೇಲೆ ಅಡಗಿ ಮರಸು ಕೂರುತ್ತಿದ್ದರಲ್ವಾ, ಹಾಗೇ ಕೂತಿದ್ದೆ. ಮೊದಲು ಬಂದ ಗಂಡು ಜಿಂಕೆ ನನ್ನ ಕಡೆ ಬೆನ್ನು ಹಾಕಿ ನಿಂತಿತು. ಹಿಂದಿನಿಂದ ಹೊಡೆದರೆ ಸುಮ್ನೆ ಗಾಯವಾದೀತು ಅಂತ ಹೊಡೆಯಲಿಲ್ಲ. ಒಂದು ಗಂಟೆಯ ಮೇಲೆ ಹೆಣ್ಣೊಂದು ಎಪ್ಪತ್ತು ಗಜದಲ್ಲಿ ಅಡ್ಡ ನಿಂತಿತು. ಮುಂಗಾಲಿನ ಹಿಂದೆ, ಎದೆಯ ಅರ್ಧ ಎತ್ತರಕ್ಕೆ ಗುರಿಯಿಟ್ಟೆ. ಈ ಸಲ ಬೆಚ್ಚಲಿಲ್ಲ.

ಅದು ಹಾರಿ ಓಡಿತು. ಅರ್ಧ ಗಂಟೆ ಕಾದು ಇಳಿದೆ. ಓಕ್ ಎಲೆಯ ಮೇಲೆ ತೆಳು ಗುಲಾಬಿ ಬಣ್ಣದ ನೊರೆ ರಕ್ತ, ಅಂದರೆ ಶ್ವಾಸಕೋಶಕ್ಕೇ ತಾಗಿದೆ. ಸ್ವಲ್ಪ ಮುಂದೆ ಮಲಗಿತ್ತು.

ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದೆ. ಎಷ್ಟು ದೊಡ್ಡದು ಅಂತ ಕೇಳಲೇ ಇಲ್ಲ.

"ಎಷ್ಟು ದೂರ ಓಡ್ತು ಮಾರಾಯ?"

"ನಲವತ್ತು ಹೆಜ್ಜೆ, ಅಪ್ಪಯ್ಯ."

"ಹಾಗಾದ್ರೆ ಜಾಸ್ತಿ ನರಳಿಲ್ಲ ಬಿಡು" ಅಂದರು.